ವಜಾ ಎಂಬ ಎರಡಕ್ಷರ

ಸರಸ್ವತಿ ನಗರ, ದಾವಣಗೆರೆ
೨೧-೨-೧೯೯೯, ಭಾನುವಾರ

ಪ್ರೀತಿಯ ಸುಗ್ರಾ,

ಸಲಾಮು, ನಮಸ್ಕಾರ ಎರಡನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಿನ್ನ ಮೂರು ಕಾಗದಗಳಿಗೆ ಉತ್ತರ ಬರೆಯದವಳು ಒಂದರಲ್ಲಿ ಮುಗಿಸಿದರೆ ನೀನು ಬಿಡುವವಳಲ್ಲ. ದಸರೆಗೆ ಬರೆದದ್ದು ಬಂತು, ರಂಜಾನ್ ಹಬ್ಬದ ಕಾರ್ಡು ಬಂತು, ಹೋದ ವಾರ "ಬದುಕಿದ್ದೀಯೇನೇ?" ಎಂಬ ಒಂದೇ ಸಾಲಿನ ಅಂಚೆ ಕಾರ್ಡೂ ಬಂತು. ಅದನ್ನು ನಮ್ಮ ಪೋಸ್ಟ್‌ಮ್ಯಾನ್ ಮೊದಲು ತಾನು ಓದಿಕೊಂಡು, "ಮೇಡಂ, ಹೊಸಪೇಟೆಯಿಂದ ಯಾರೋ ನೀವು ಬದುಕೀರೇನು ಅಂತ ಕೇಳ್ಯಾರ್ರಿ" ಎಂದು ಗೇಟಿನಲ್ಲೇ ಕೂಗಿದ. ಎದುರು ಮನೆಯವರು ಹೊರಗೆ ಬಂದು ನೋಡಿದರು.

ಬದುಕಿದ್ದೇನೆ ಮಾರಾಯ್ತಿ. ಬರೆಯದೆ ಇದ್ದುದಕ್ಕೆ ನೆವಗಳು ಬೇಕಾದಷ್ಟಿವೆ. ನಮ್ಮವರ ಮಿಲ್ಲು ದೀಪಾವಳಿಯ ಮುಂದೆ ಬಾಗಿಲು ಹಾಕಿತು. ಕೊಟ್ಟೂರೇಶ್ ಈಗ ಬೆಳಿಗ್ಗೆ ತನುಶ್ರೀಗೆ ಜಡೆ ಹಾಕಿ ಶಾಲೆಗೆ ಬಿಡುತ್ತಾರೆ. ಎರಡು ಜಡೆಯಲ್ಲಿ ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ನಗುತ್ತೇವೆ. ಆದರೆ ಮನೆ ನಡೆಯುವುದು ಈಗ ನನ್ನೊಬ್ಬಳ ಸಂಬಳದಲ್ಲಿ, ಅದು ಇಬ್ಬರಿಗೂ ಗೊತ್ತು. ಅಪ್ಪನಿಗೆ ಮೊಣಕಾಲು ನೋವು, ಆದರೂ ನಿನ್ನನ್ನು ಮರೆತಿಲ್ಲ. "ಆ ಸಾಬರ ಹುಡುಗಿ ಕನ್ನಡ ಹೆಂಗ್ ಬರೀತಿದ್ಲು ನೋಡು, ನೀನೂ ಇದಿಯಾ" ಎಂದು ಈಗಲೂ ನನ್ನನ್ನು ಚುಚ್ಚುತ್ತಾರೆ.

ಇವೆಲ್ಲ ನೆವ. ನಿಜವಾದ ಕಾರಣ ಬೇರೆ. ದಸರೆಯ ಕಾಗದದಲ್ಲೂ ರಂಜಾನ್ ಕಾರ್ಡಿನಲ್ಲೂ ನೀನು "ನಮ್ಮ ಸೂರಪ್ಪನವರು ಹೇಗಿದ್ದಾರೆ, ಈಗಲೂ ಗೋಡೆ ಗೋಡೆ ಓದುತ್ತಾರೇನು?" ಎಂದು ಕೇಳಿದ್ದೆ. ಅದಕ್ಕೆ ಏನು ಬರೆಯಬೇಕೆಂದು ತೋಚದೆ ಕಾಗದವನ್ನು ಮಡಿಚಿ ಮಡಿಚಿ ಇಟ್ಟೆ. ಇವತ್ತು ಕೂತು ಬರೆದೇ ಬಿಡುತ್ತೇನೆ.

ಸೂರಪ್ಪನ ಕೆಲಸ ಹೋಯಿತು ಸುಗ್ರಾ. ಹೋದದ್ದು ನನ್ನ ಕನ್ನಡದಿಂದ.

ಸಾಕ್ಷರತಾ ತರಗತಿಯ ಮೊದಲ ದಿನ ನಾನು ಅವನನ್ನು ಏಕವಚನದಲ್ಲಿ ಕರೆದೆನೆಂದು ನೀನು ಎಲ್ಲರೆದುರು ಬೈದಿದ್ದೆಯಲ್ಲ, ನನಗಿಂತ ಹತ್ತು ವರ್ಷ ದೊಡ್ಡವರು ಅಂತ. ಎದುರಿಗೆ ಈಗಲೂ "ಸೂರಪ್ಪನವರೇ" ಎಂದೇ ಅನ್ನುವುದು. ಕಾಗದದಲ್ಲಿ ಮಾತ್ರ ಸಲುಗೆಯಿಂದ ಅವನು ಎನ್ನುತ್ತೇನೆ, ಬೈಯಬೇಡ. ಹರಿಹರದ ಆ ಕಾಲೋನಿಯ ಸಮುದಾಯ ಭವನದಲ್ಲಿ ನಾವಿಬ್ಬರೂ ಎರಡು ವರ್ಷ ಗಂಟಲು ಹರಿದುಕೊಂಡೆವು. ಇಪ್ಪತ್ತಾರು ಮಂದಿಯಲ್ಲಿ ಕೊನೆಯವರೆಗೆ ನಿಂತು ಓದಲು ಕಲಿತವನು ಅವನೊಬ್ಬನೇ. ಬಸ್ಸಿನ ಬೋರ್ಡು, ಸಿನಿಮಾ ಪೋಸ್ಟರು, ಚುನಾವಣೆಯ ಗೋಡೆಬರಹ ಎಲ್ಲವನ್ನೂ ಜೋರಾಗಿ ಓದುತ್ತ ಬೀದಿ ಗುಡಿಸುತ್ತಿದ್ದ. ಹದಿನೇಳು ವರ್ಷ ದಿನಗೂಲಿಯಲ್ಲಿ ದುಡಿದು ಹೋದ ವರ್ಷ ಖಾಯಂ ಆಗಿದ್ದ. ಪ್ರೊಬೇಷನ್ ಮುಗಿಯಲು ಇನ್ನೂ ಕೆಲವು ತಿಂಗಳಿತ್ತು.

ನನ್ನ ಹೊಸ ಕೆಲಸದ ಬಗ್ಗೆ ನಿನಗೆ ಸರಿಯಾಗಿ ಬರೆದಿಲ್ಲ. ಜಿಲ್ಲೆ ಬೇರೆಯಾದ ಮೇಲೆ ಸುತ್ತಿನ ಊರುಗಳ ಪೌರಕಾರ್ಮಿಕರ ಸಂಬಳದ ಕೆಲಸವನ್ನೆಲ್ಲ ಒಂದೇ ಕಡೆ ತಂದು ಕಂಪ್ಯೂಟರಿಗೆ ಹಾಕುವ ಘಟಕವೊಂದನ್ನು ದಾವಣಗೆರೆಯಲ್ಲಿ ತೆರೆದರು. ನನ್ನನ್ನು ಹರಿಹರದಿಂದ ಅಲ್ಲಿಗೆ ಹಾಕಿದರು. ನಾಲ್ಕು ಕಂಪ್ಯೂಟರು, ಒಂದು ಎ.ಸಿ., ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಒಳ್ಳೆ ದೇವರ ಮನೆ. ಮಂತ್ರವೂ ಹಾಗೆಯೇ, ಯಾರಿಗೂ ಅರ್ಥವಾಗದ್ದು. ಹೆಬ್ಬೆಟ್ಟು ಒತ್ತುವವರಿಗೆ ಇಂಗ್ಲಿಷಿನಲ್ಲಿ ಸಂಬಳದ ಚೀಟಿ! ನಾನು ಸುಮ್ಮನಿರಲಿಲ್ಲ. ಆಡಳಿತ ಕನ್ನಡದಲ್ಲಿರಬೇಕು ಎನ್ನುವ ಸುತ್ತೋಲೆಗಳನ್ನೆಲ್ಲ ಹುಡುಕಿ ಫೈಲು ಮಾಡಿದೆ. ಲೆಕ್ಕದ ಶಾಖೆಯಲ್ಲಿ ದಿನಾ ಬಳಸುವ ಇನ್ನೂರ ಹನ್ನೆರಡು ಮಾತುಗಳಿಗೆ ಕನ್ನಡದ ಪಟ್ಟಿ ಬರೆದೆ. ನಮ್ಮ ಘಟಕದ ಮುಖ್ಯಸ್ಥ ವಿಜಯಕುಮಾರ್ ಸಾಹೇಬರು ಆ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಮೇಡಂ, ಕಂಪ್ಯೂಟರ್‌ಗೆ ಒತ್ತಕ್ಷರ ಜೀರ್ಣ ಆಗಲ್ರಿ" ಎಂದು ನಕ್ಕರು. ಹನ್ನೊಂದು ತಿಂಗಳು ನಾನು ಅವರ ಟೇಬಲ್ಲಿನ ಮುಂದೆ ನಿಂತೆ. ಕೊನೆಗೆ, "ನವೆಂಬರ್ ಒಂದಕ್ಕೆ ಮೇಲಿನಿಂದ ಕೇಳ್ತಾರೆ, ಏನಾದ್ರೂ ತೋರಿಸ್ಬೇಕು. ಸಂಬಳದ ಚೀಟಿ ಒಂದು ಕನ್ನಡದಾಗೆ ಮಾಡ್ಕೊಳ್ರಿ, ಸಾಕು" ಎಂದರು.

ಸಾಕೇನು, ನನಗೆ ಅದು ಸ್ವರ್ಗ. ಕಂಪ್ಯೂಟರ್ ನೋಡಿಕೊಳ್ಳುವ ಬಕ್ಕೇಶ್ ಒಳ್ಳೆಯವನು, ತಾಳ್ಮೆಯವನು. ಇಬ್ಬರೂ ಕೂತು ಒಂದೊಂದೇ ಮಾತು ಕೂರಿಸಿದೆವು. ತೊಂದರೆ ಬಂದದ್ದು ಒಂದೇ ಕಡೆ. ಸಂಬಳದಲ್ಲಿ ಹಿಡಿದುಕೊಳ್ಳುವ ಹಣ ಇರುತ್ತದಲ್ಲ, ವಿಮೆ, ಭವಿಷ್ಯ ನಿಧಿ, ಸೊಸೈಟಿ ಸಾಲ, ಅದಕ್ಕೆ ಇಂಗ್ಲಿಷಿನಲ್ಲಿ ಮೂರಕ್ಷರ ಬರೆದು ಚುಕ್ಕಿ ಇಟ್ಟಿದ್ದರು. ಜಾಗ ಇದ್ದದ್ದು ಅಷ್ಟೇ. "ಕಟಾವಣೆ" ಎಂದು ಹೊಡೆದರೆ ಬಾಲ ಕತ್ತರಿಸಿ "ಕಟಾ" ಎಂದು ಬರುತ್ತಿತ್ತು. ಬಕ್ಕೇಶ್, "ಕಡಿತ ಅಂತ ಹಾಕನ ಬಿಡ್ರಿ ಮೇಡಂ, ಕುಂದ್ರುತ್ತೆ" ಎಂದ. ನಾನು ಅವನನ್ನು ಗೇಲಿ ಮಾಡಿದೆ. ನಾಯಿ ಕಡಿತ, ಸೊಳ್ಳೆ ಕಡಿತ, ಈಗ ಸಂಬಳದ ಕಡಿತ, ಇಂಜೆಕ್ಷನ್ ಯಾರು ಕೊಡುತ್ತಾರೆ ಎಂದೆ. ಆಗ ನನ್ನ ಬುದ್ಧಿಗೆ ಹೊಳೆಯಿತು ನೋಡು, ಅಪ್ಪನ ಹತ್ತಿ ದಲಾಲಿ ಅಂಗಡಿಯ ಖಾತೆ ಪುಸ್ತಕ. ಜಮಾ, ಖರ್ಚು, ವಜಾ, ಬಾಕಿ. ಹಿಡಿದುಕೊಂಡ ಹಣಕ್ಕೆ ಅಪ್ಪ ವಜಾ ಎಂದೇ ಬರೆಯುತ್ತಿದ್ದರು, ಅಜ್ಜನೂ ಅದನ್ನೇ ಬರೆಯುತ್ತಿದ್ದ. ಎರಡೇ ಅಕ್ಷರ, ಜಾಗಕ್ಕೆ ಹೇಳಿ ಮಾಡಿಸಿದಂಥದ್ದು. ಅವತ್ತು ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಅವರೂ ಹಿಗ್ಗಿದರು.

ಆ ಮಾತಿಗೆ ಇನ್ನೊಂದು ಅರ್ಥವಿದೆ ಎನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪೇಪರಿನಲ್ಲಿ ದಿನಾ ಓದುತ್ತೇವೆ, ಇಂಥವರು ಕೆಲಸದಿಂದ ವಜಾ ಅಂತ. ಆದರೆ ಲೆಕ್ಕದ ಟೇಬಲ್ಲಿಗೆ ಕೂತವಳಿಗೆ ಲೆಕ್ಕದ ಅರ್ಥ ಬಿಟ್ಟರೆ ಬೇರೇನೂ ಕಾಣಲಿಲ್ಲ. ಮೂರು ವರ್ಷದ ಹಿಂದೆ ಹರಿಹರದಲ್ಲಿ ಹನ್ನೊಂದು ಜನ ಪೌರಕಾರ್ಮಿಕರನ್ನು ತೆಗೆದಾಗ ನೋಟೀಸು ಬೋರ್ಡಿಗೆ ಹಾಕಿದ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ "ವಜಾ" ಎಂದು ಬರೆದಿತ್ತು. ಓದು ಬಾರದ ಆ ಹನ್ನೊಂದು ಜನಕ್ಕೂ ಅದನ್ನು ಓದಿ ಹೇಳಿದವನು ಸೂರಪ್ಪ. ಅದು ನನಗೆ ಆಮೇಲೆ ತಿಳಿಯಿತು.

ನವೆಂಬರ್ ಐದನೇ ತಾರೀಕು ಕನ್ನಡದ ಚೀಟಿಗಳನ್ನು ತೆಗೆದುಕೊಂಡು ನಾನೇ ಹರಿಹರಕ್ಕೆ ಹೋದೆ. ಹೋಗಬೇಕೆಂದೇನೂ ಇರಲಿಲ್ಲ, ಹೆಮ್ಮೆ. ಇಳಕಲ್ ಸೀರೆ ಉಟ್ಟುಕೊಂಡು ಹೋಗಿದ್ದೆ ಎಂದರೆ ನೀನೇ ತಿಳಿದುಕೋ. ಚೀಟಿಯಲ್ಲಿ ಕನ್ನಡದ ಅಕ್ಷರ ಅಗಲವಾಗಿ ಬಂದು ಅಂಕಿಗಳೆಲ್ಲ ಕೆಳಗಿನ ಸಾಲಿಗೆ ಜಾರಿದ್ದವು. ಬಕ್ಕೇಶ್ ಮುಂದಿನ ತಿಂಗಳು ಸರಿಮಾಡುತ್ತೇನೆ ಎಂದಿದ್ದ. ಹಾಗಾಗಿ ಮೇಲಿನ ಸಾಲಿನಲ್ಲಿ ಉಳಿದದ್ದು ಇಷ್ಟೇ: "ಸೂರಪ್ಪ, ಪೌರಕಾರ್ಮಿಕ, ವಜಾ". ಎಲ್ಲರದ್ದೂ ಹಾಗೇ ಇತ್ತು. ಉಳಿದವರು ಚೀಟಿಯನ್ನು ಮಡಿಚಿ ಕಿಸೆಗೆ, ಸೆರಗಿಗೆ ಹಾಕಿಕೊಂಡು ಹೋದರು. ಮಾರನೆಯ ಬೆಳಿಗ್ಗೆ ಓದು ಬಾರದವರೆಲ್ಲ ಕೆಲಸಕ್ಕೆ ಬಂದರು. ಓದಲು ಬರುವವನೊಬ್ಬ ಬರಲಿಲ್ಲ.

ಆ ವಾರವೇ ಅವನಿಗೂ ಮೇಸ್ತ್ರಿಗೂ ಗಮ್‌ಬೂಟಿನ ವಿಷಯಕ್ಕೆ ಜಗಳವಾಗಿತ್ತಂತೆ. "ನಿನ್ನ ತೆಗೆಸ್ಲಿಲ್ಲ ಅಂದ್ರೆ ನೋಡು" ಎಂದು ಮೇಸ್ತ್ರಿ ಎಲ್ಲರೆದುರು ಅಂದಿದ್ದನಂತೆ. ತೆಗೆಸಿಯೇ ಬಿಟ್ಟ ಎಂದು ಸೂರಪ್ಪ ನಂಬಿದ. ಹೆಂಡತಿ ಮಾರೆಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಎರಡು ತಿಂಗಳು ಸುಗ್ರಾ, ಎರಡು ತಿಂಗಳು, ಬೆಳಿಗ್ಗೆ ಐದಕ್ಕೆ ಎಂದಿನಂತೆ ಪೊರಕೆ ಹಿಡಿದು ಮನೆ ಬಿಟ್ಟು, ಪೊರಕೆಯನ್ನು ಸ್ಟೇಷನ್ನಿನ ಹತ್ತಿರ ಒಂದು ಸೈಕಲ್ ಅಂಗಡಿಯಲ್ಲಿಟ್ಟು, ರೈಲು ಹತ್ತಿ ದಾವಣಗೆರೆಗೆ ಬಂದು ಮಂಡಕ್ಕಿ ಭಟ್ಟಿಯಲ್ಲಿ ಚೀಲ ಹೊತ್ತ. ಸಂಜೆ ಪೊರಕೆ ತೆಗೆದುಕೊಂಡು ಮನೆಗೆ ಹೋಗುತ್ತಿದ್ದ. ನಾನು ಅದೇ ಊರಿನಲ್ಲಿ ಎ.ಸಿ. ರೂಮಿನಲ್ಲಿ ಕೂತು ಕನ್ನಡದ ಚೀಟಿಗೆ ಬಂದ ಅಭಿನಂದನಾ ಪತ್ರವನ್ನು ಫೈಲು ಮಾಡುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಮೇಸ್ತ್ರಿ ದಿನಾ ಗೈರು ಎಂದು ಗೀಚುತ್ತ ಹೋದ. ನಡುವೆ ಒಂದು ನೋಟೀಸು ಹೋಗಿತ್ತಂತೆ, ಮೇಸ್ತ್ರಿಯ ಕೈಗೇ ಕೊಟ್ಟಿದ್ದರು, ಅದು ಸೂರಪ್ಪನಿಗೆ ಮುಟ್ಟಲಿಲ್ಲ.

ಜನವರಿ ಹತ್ತು, ಭಾನುವಾರ ಬೆಳಿಗ್ಗೆ, ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಗಡ್ಡ ಬೋಳಿಸಿ ಬಿಳಿ ಅಂಗಿ ಹಾಕಿದ್ದ. ಮಾರೆಮ್ಮನ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. "ಬರ್ರಿ, ಕೂಡ್ರಿ" ಎಂದರೂ ಕೂಡಲಿಲ್ಲ. ಸೂರಪ್ಪ ಒಳಗಿನ ಕಿಸೆಯಿಂದ ಒಂದು ಕವರು ತೆಗೆದು ಎರಡೂ ಕೈಯಲ್ಲಿ ನನಗೆ ಕೊಟ್ಟ.

"ಅಕ್ಕೋರೆ, ಆರ್ಡರ್ ಬಂದೈತ್ರಿ. ಇಂಗ್ಲಿಷ್‌ನಾಗೈತೆ, ನಂಗೆ ಬರಲ್ಲ. ತೆಗೆದಿದ್ದು ಕನ್ನಡದಾಗೆ ಬಂದಿತ್ತು. ಇದು ಇಂಗ್ಲಿಷ್‌ನಾಗೆ ಬಂದೈತೆ ಅಂದ್ರೆ ದೊಡ್ಡ ಸಾಹೇಬ್ರಿಂದಾನೆ ಬಂದಿರಬೇಕು. ವಾಪಸ್ ಕರ್ದಾರೆ ಅನ್ಕಂಡೀವ್ರಿ."

ಮಾರೆಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ಓದ್ರಿ ಅಕ್ಕೋರೆ, ಯಾವತ್ತು ಬಾ ಅಂದಾರೆ?" ಎಂದಳು. ಆ ವಾರವಷ್ಟೇ ಅವಳಿಗೆ ಭಟ್ಟಿಯ ವಿಷಯ ಗೊತ್ತಾಗಿತ್ತಂತೆ. ಗೊತ್ತಾಗಿ ಅತ್ತು ಮುಗಿಸುವಷ್ಟರಲ್ಲಿ ಈ ಕವರು ಬಂದಿತ್ತು.

ಅದು ನಮ್ಮ ಘಟಕದಲ್ಲೇ ಅಚ್ಚಾದ ಕಾಗದ. ನೌಕರಿಯ ಆದೇಶಗಳನ್ನು ನಾವು ಇನ್ನೂ ಕನ್ನಡಕ್ಕೆ ತಂದಿರಲಿಲ್ಲ. ಅರವತ್ತು ದಿನ ಹೇಳದೆ ಕೇಳದೆ ಗೈರುಹಾಜರಾದ ಕಾರಣ ಪ್ರೊಬೇಷನ್ನಿನಲ್ಲಿರುವ ಈ ನೌಕರನನ್ನು ಕೆಲಸದಿಂದ ತೆಗೆಯಲಾಗಿದೆ. ನಾನು ಅದನ್ನು ಕನ್ನಡದಲ್ಲಿ ಹೇಳಬೇಕಿತ್ತು. ನನ್ನ ಪಟ್ಟಿಯ ಇನ್ನೂರ ಹನ್ನೆರಡು ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಇಲ್ಲ ಸೂರಪ್ಪನವರೇ, ಕರೆದಿಲ್ಲ" ಎಂದೆ.

"ಮತ್ತೆ ತೆಗೆದಾರಾ? ಒಂದ್ಸಲ ತೆಗೆದೋರ್ನ ಇನ್ನೊಂದ್ಸಲ ಹೆಂಗೆ ತೆಗೀತಾರ್ರಿ?" ಎಂದು ಅವನು ನಿಜವಾಗಿಯೂ ಅರ್ಥವಾಗದೆ ಕೇಳಿದ. ಹಳೆಯ ಚೀಟಿಯನ್ನೂ ತೆಗೆದು ತೋರಿಸಿದ, ಬೆವರಿಗೆ ಅಕ್ಷರ ಕದಡಿತ್ತು. ಆಗಲೇ ನನಗೆ ಪೂರ್ತಿ ತಿಳಿದದ್ದು. ನಾನು ಹಾಕಿದ ಎರಡಕ್ಷರದ ಅರ್ಥವನ್ನು ಅವನಿಗೆ ಬಿಡಿಸಿ ಹೇಳಿದಾಗ ಅವನು ಸಿಟ್ಟು ಮಾಡಲಿಲ್ಲ. "ಅಂದ್ರೆ ನನ್ ಕೆಲಸ ಇತ್ತಾ?" ಎಂದ. ಮಾರೆಮ್ಮ ಗೋಡೆ ಹಿಡಿದು ಕೂತುಬಿಟ್ಟಳು. ಕೊಟ್ಟೂರೇಶ್ ನೀರು ತಂದುಕೊಟ್ಟರು, ಅವರ ಕಣ್ಣಲ್ಲೂ ನೀರಿತ್ತು. ಕೆಲಸ ಹೋಗುವುದು ಏನೆಂದು ಅವರಿಗೆ ಗೊತ್ತು.

ಮರುದಿನವೇ ಸಾಹೇಬರ ಮುಂದೆ ನಿಂತೆ. ಮಾತಿನ ತಪ್ಪು, ಮನುಷ್ಯನ ತಪ್ಪಲ್ಲ, ಆದೇಶ ವಾಪಸು ತೆಗೆದುಕೊಳ್ಳಿ ಎಂದೆ. ವಿಜಯಕುಮಾರ್ ಪೆನ್ನು ಕೆಳಗಿಟ್ಟು, "ಏನ್ರಿ ವಾಣಿ ಮೇಡಂ, ನಿಮ್ ಕನ್ನಡ ಒಬ್ಬನ ಅನ್ನ ತಿಂತಲ್ರಿ" ಎಂದರು. ಕೊಂಕು ಮಾತಾದರೂ ಸುಳ್ಳಲ್ಲ. "ಬರ್ದು ಕೊಡ್ರಿ, ವಿಚಾರಣೆ ಮಾಡನ. ಆದ್ರೆ ಬರ್ದು ಕೊಟ್ಟ ದಿನಾನೆ ಚೀಟಿ ವಾಪಸ್ ಇಂಗ್ಲಿಷ್‌ಗೆ ಹೋಗುತ್ತೆ, ಯೋಚ್ನೆ ಮಾಡ್ರಿ" ಎಂದೂ ಸೇರಿಸಿದರು. ನಾನು ಯೋಚನೆ ಮಾಡಲಿಲ್ಲ. ವಜಾ ಎಂಬ ಮಾತು ನನ್ನ ಆಯ್ಕೆ, ಅದರಿಂದಲೇ ಈ ಗೊಂದಲವಾಯಿತು ಎಂದು ಬರೆದುಕೊಟ್ಟೆ. ಅದರ ಮಟ್ಟಿಗೆ ನನ್ನನ್ನು ಮೆಚ್ಚಿಕೋ, ಬೇರೆ ಯಾವುದಕ್ಕೂ ಬೇಡ.

ಜನವರಿ ಇಪ್ಪತ್ತೆಂಟಕ್ಕೆ ವಿಚಾರಣೆ ನಡೆಯಿತು. ಸೂರಪ್ಪ ಅದೇ ಬಿಳಿ ಅಂಗಿಯಲ್ಲಿ ಬಂದಿದ್ದ. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ.

"ಚೀಟಿಯಾಗೆ ವಜಾ ಅಂತ ಓದಿದೆ, ಸರಿ. ಅನುಮಾನ ಬಂತು, ಸರಿ. ಹಂಗಂದ್ರೆ ಏನು ಅಂತ ಯಾರನ್ನಾದ್ರೂ ಕೇಳಿದ್ಯಾ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನಾನು ಪಕ್ಕದಲ್ಲೇ ಫೈಲು ಹಿಡಿದು ಕೂತಿದ್ದೆ.

"ಇಲ್ರಿ ಸಾರ್. ಯಾರ್ನೂ ಕೇಳ್ಲಿಲ್ಲ."

"ಆಫೀಸಿನೋರು ಒಬ್ರಾದ್ರೂ ಹೇಳಿದ್ದಿದ್ರೆ ಬೇರೆ ಮಾತು. ಯಾರನ್ನೂ ಕೇಳ್ದೆ ಎರಡು ತಿಂಗಳು ಮನೆಗೆ ಕೂತ್ರೆ ಅದು ನಿನ್ ತಪ್ಪು ತಾನೆ?"

"ಹೌದ್ರಿ" ಎಂದ.

ಈ ತಿಂಗಳ ಹನ್ನೆರಡನೇ ತಾರೀಕು ಆದೇಶ ಬಂತು. ಸಂದೇಹ ಬಂದರೂ ವಿಚಾರಿಸದೆ ಬೇಕೆಂದೇ ಗೈರಾಗಿದ್ದಾನೆ, ಹಿಂದಿನ ಆದೇಶವೇ ಖಾಯಂ. ಅದರ ಜೊತೆಗೆ ಇನ್ನೊಂದು ಸುತ್ತೋಲೆಯೂ ಬಂತು, ಮುಂದಿನ ಆದೇಶದವರೆಗೆ ಸಂಬಳದ ಚೀಟಿ ಇಂಗ್ಲಿಷಿನಲ್ಲೇ ಇರತಕ್ಕದ್ದು, ಕನ್ನಡ ಪದಪಟ್ಟಿಯನ್ನು ಬಳಸತಕ್ಕದ್ದಲ್ಲ. ಬಕ್ಕೇಶ್ ನನ್ನನ್ನು ಕೇಳಿಕೊಂಡೇ ಅಕ್ಷರಗಳನ್ನು ಅಳಿಸಿದ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಎರಡೂ ಹೋಯಿತು ನೋಡು. ಅವನ ಅನ್ನವೂ ಹೋಯಿತು, ನನ್ನ ಕನ್ನಡವೂ ಹೋಯಿತು. ಮೊನ್ನೆ ಶಿವರಾತ್ರಿಗೆ ಉಪವಾಸ ಕೂತವಳು ದೇವರ ಮುಂದೆ ಏನು ಕೇಳಬೇಕೆಂದು ತಿಳಿಯದೆ ಎದ್ದು ಬಂದೆ. ಭಾಷೆಗಾಗಿ ಹೋರಾಡುವವರನ್ನು ಕಂಡರೆ ಈಗ ನನಗೆ ಭಯ. ನಾನೇ ಅಂಥವಳು. ಜನರಿಗಾಗಿ ಎಂದುಕೊಂಡು ಮಾಡಿದ್ದು, ಜನ ಓದಿದರೆ ಹೇಗೆ ಓದುತ್ತಾರೆ ಎಂದು ಒಬ್ಬ ಪೌರಕಾರ್ಮಿಕನಿಗೂ ಮೊದಲೇ ತೋರಿಸಲಿಲ್ಲ. ಅಪ್ಪನ ಖಾತೆ ಪುಸ್ತಕಕ್ಕೆ ತೋರಿಸಿದೆ.

ಸೂರಪ್ಪ ಈಗ ಮಂಡಕ್ಕಿ ಭಟ್ಟಿಯಲ್ಲೇ ಇದ್ದಾನೆ. ಮಾರೆಮ್ಮ ಎರಡು ಮನೆಯ ಕಸಮುಸುರೆ ಹಿಡಿದಿದ್ದಾಳೆ. ಅವನು ಗೋಡೆ ಓದುವುದನ್ನು ಬಿಟ್ಟಿದ್ದಾನಂತೆ, ಅವಳೇ ಹೇಳಿದಳು. ನೀನು ಕೇಳಿದ್ದೆಯಲ್ಲ, ಅದಕ್ಕೇ ಬರೆದೆ. ಒಂದು ಮಾತು, ಒಂದೇ ಒಂದು ಮಾತು ಅವನು ಬಂದು ಯಾರನ್ನಾದರೂ ಕೇಳಿದ್ದರೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಅದನ್ನೇ ಹೇಳುತ್ತಿದ್ದೇನೆ.

ನಿನ್ನ ಮಕ್ಕಳಿಗೆ ನನ್ನ ಮುತ್ತು. ದೊಡ್ಡವನು ಕನ್ನಡ ಮೀಡಿಯಮ್ಮಿಗೇ ಸೇರಿದ ಎಂದು ಬರೆದಿದ್ದೆ, ಅವನ ವಿದ್ಯೆ ಅವನಿಗೆ ಒಳ್ಳೆಯದನ್ನೇ ಮಾಡಲಿ, ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ನಿಮ್ಮವರಿಗೆ ನಮಸ್ಕಾರ ತಿಳಿಸು. ನಿನ್ನ ಮನೆಯ ಒಲೆ ಯಾವತ್ತೂ ತಣ್ಣಗಾಗದಿರಲಿ.

ನಿನ್ನ,
ವಾಣಿ

ಮರೆತ ಮಾತು: ಮರೆತದ್ದಲ್ಲ, ಸಹಿ ಹಾಕಿ ಕವರಿಗೆ ಸೇರಿಸಿದ ಮೇಲೆ ಮತ್ತೆ ತೆಗೆದು ಬರೆಯುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಅವನು ಕೇಳಿದ್ದ ಸುಗ್ರಾ. ಆ ಐದನೇ ತಾರೀಕು ಹರಿಹರದಲ್ಲಿ ನಾನು ಜೀಪು ಹತ್ತುವಾಗ ಚೀಟಿ ಹಿಡಿದುಕೊಂಡು ಓಡಿ ಬಂದ. "ಅಕ್ಕೋರೆ, ಇಲ್ಲಿ ನನ್ ಹೆಸರ ಮುಂದೆ ಹಿಂಗ್ಯಾಕ ಐತ್ರಿ?" ಎಂದ. ದಾವಣಗೆರೆಯಲ್ಲಿ ಸಾಹೇಬರು ಕಾಯುತ್ತಿದ್ದರು, ನಾನು ಚೀಟಿಯ ಕಡೆ ನೋಡಲೂ ಇಲ್ಲ. "ಕನ್ನಡದಲ್ಲೇ ಇದೆಯಲ್ಲ ಸೂರಪ್ಪನವರೇ, ನಿಮಗೆ ಓದಲು ಬರುತ್ತದಲ್ಲ. ಓದಿದ್ದೇ ಅರ್ಥ" ಎಂದು ನಗುತ್ತ ಹೇಳಿ ಬಾಗಿಲು ಹಾಕಿಕೊಂಡೆ. ವಿಚಾರಣೆಯ ದಿನ ಸಾಹೇಬರು ಯಾರನ್ನಾದರೂ ಕೇಳಿದ್ಯಾ ಎಂದಾಗ ಅವನು ಸುಮ್ಮನಿದ್ದನಲ್ಲ, ಆಗ ನನ್ನ ಕಡೆಗೇ ನೋಡುತ್ತಿದ್ದ. ನಾನು ತಲೆ ತಗ್ಗಿಸಿದೆ. ಹೊರಗೆ ಬಂದ ಮೇಲೆ, "ಇರ್ಲಿ ಬಿಡ್ರಿ ಅಕ್ಕೋರೆ, ಅಣ್ಣೋರ ಮಿಲ್ಲೂ ಮುಚ್ಚೈತಂತೆ. ಇಬ್ರ ಮನೇನೂ ಹಾಳಾಗಾದು ಬ್ಯಾಡ" ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ. ಮೇಲ್ಮನವಿಗೆ ಇನ್ನು ಒಂಬತ್ತು ದಿನವಿದೆ. "ಈತ ನನ್ನನ್ನು ಕೇಳಿದ್ದ" ಎಂದು ನಾನು ಒಂದು ಸಾಲು ಬರೆದುಕೊಟ್ಟರೆ ಸಾಕು. ಇವತ್ತು ನಿನಗೆ ಇಷ್ಟು ಪುಟ ಬರೆದೆ. ಆ ಸಾಲನ್ನು ನಾನು ಬರೆಯುವುದಿಲ್ಲ ಎಂದು ನನಗೆ ಗೊತ್ತು.